ಭೀಮೆಯ ಕೊಳ್ಳ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಂದಿಯ ಬಾಯಲ್ಲಿ ಕೊರಳು ಕೊರಳಾಗಿ ಉಳಿದಿಲ್ಲ. ನಡುವಿನ ರಕಾರ ಯಾವಾಗಲೋ ಕರಗಿ, ಳಕಾರ ಇಮ್ಮಡಿಸಿ, ಅದು ಕೊಳ್ಳ ಆಗಿದೆ. ಕೂಸಿನ ಕೊಳ್ಳಾಗ ತಾಯತ, ಮದುಮಗಳ ಕೊಳ್ಳಾಗ ಬೋರಮಾಳ ಸರ, ಎತ್ತಿನ ಕೊಳ್ಳಾಗ ಗೆಜ್ಜೆ, ಮುತ್ಯಾನ ಕೊಳ್ಳಾಗ ಶಿವದಾರಕ್ಕೆ ಇಳಿಬಿದ್ದ ಲಿಂಗ. ಹೊಳೆಯ ಇಕ್ಕೆಲದಲ್ಲಿ ತಗ್ಗಾಗಿ ಬಾಗಿಹೋದ ನೆಲಕ್ಕೂ ಕೊಳ್ಳ ಎಂದೇ ಹೆಸರು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರವನ್ನು ಬಳಸಿ, 861 ಕಿಲೋಮೀಟರ್ ನಡೆದು ಕೃಷ್ಣೆಯನ್ನು ಕೂಡುವ ಹೊಳೆ ಅಫಜಲಪುರ, ಜೇವರ್ಗಿಗಳ ಕರಿನೆಲವನ್ನು ಸವೆಸುತ್ತ ಹಾಯುವ ಈ ಹರಹು ಭೀಮಾ ಕೊಳ್ಳ. ಎರಡು ಮಾತಿನ ಬೇರು ಬೇರೆಬೇರೆ ಎಂದು ಬಲ್ಲವರು ಹೇಳಿಯಾರು. ಕಿವಿಗೆ ಆ ಭೇದ ಗೊತ್ತಿಲ್ಲ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಬಸ್ಸು ಕಟ್ಟಿಸಂಗಾವಿಯ ಸೇತುವೆಯ ಮೇಲೆ ನಿಧಾನಿಸಿದಾಗ, ಕೆಳಗೆ ಮಳೆಗಾಲದ ಕೆಂಪು ನೀರು ಎರಡು ದಡಗಳ ನಡುವೆ ಇಕ್ಕಟ್ಟಾಗಿ, ಉಬ್ಬಿ, ತಗ್ಗಿ, ಏನನ್ನೋ ನುಂಗುತ್ತ ಇಳಿಯುವುದನ್ನು ಕಿಟಕಿಯಿಂದ ಕಂಡವರಿಗೆ ಹೊಳೆ ನೆಲದ ಕೊಳ್ಳಾಗಿಂದ ಹೋಗುತ್ತಿದೆ ಅನ್ನಿಸಿದರೆ ಅದು ಕವಿಸಮಯವಲ್ಲ, ಊರ ಮಾತು ಅಷ್ಟೆ.

ಹೊರಗೆ ಕೈಗೆ ಸಿಗುವುದು ಕೊಳ್ಳ. ಒಳಗೆ ತುತ್ತು ಇಳಿಯುವ ದಾರಿ ಗಂಟಲ. ತಲೆಯನ್ನು ಹೊತ್ತು ನಿಂತದ್ದು ಗೋಣು. ಒಪ್ಪಿದವರು ಗೋಣು ಹಾಕುತ್ತಾರೆ, ಬ್ಯಾಡಾದ ಹೊಣೆ ಕೊಳ್ಳಿಗೆ ಬೀಳುತ್ತದೆ, ಮನಸ್ಸು ಕೆಟ್ಟ ದಿನದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕಂಠ ಎಂಬ ಮಾತು ಮಾತ್ರ ಮಡಿ ಉಟ್ಟು ಪುರಾಣದಲ್ಲಿ, ಪಾಠದಲ್ಲಿ, ಸಂಗೀತದವರ ನಡುವೆ ಕೂತಿರುತ್ತದೆ. ಹಾಗೆಂದು ಅದು ಅಲ್ಲಿಯೇ ಉಳಿಯಲಿಲ್ಲ. ಕುಂಬಾರರ ಕೈಗೂ ಬಂತು. ಕೊಡಕ್ಕೂ ಕಂಠವಿದೆ. ತಿಗರಿಯ ಮೇಲೆ ಮಣ್ಣಿನ ಮುದ್ದೆ ಹೊಟ್ಟೆ ಬಿಟ್ಟುಕೊಂಡು ಏಳುತ್ತಿರುವಾಗ, ಒಂದು ಗಳಿಗೆಯಲ್ಲಿ, ಕುಂಬಾರ ಎರಡೂ ಅಂಗೈಯನ್ನು ಹತ್ತಿರ ತಂದು ಆ ಅಗಲವನ್ನು ಹೆದರದಂತೆ ಒಳಕ್ಕೆ ಒತ್ತುತ್ತಾನೆ. ತೋಯ್ದ ಬೆರಳಿನ ಗುರುತು ಸುತ್ತುಸುತ್ತಾಗಿ ಮೇಲೇರುತ್ತದೆ. ಇನ್ನೇನು ಮುಚ್ಚಿಹೋಯಿತು ಅನ್ನುವಷ್ಟು ಇಕ್ಕಟ್ಟಾದ ಮೇಲೆ ಹೆಬ್ಬೆರಳನ್ನು ತುಸು ಹೊರಕ್ಕೆ ಒಲಿಸಿ ಅಂಚು ಬಿಡಿಸುತ್ತಾನೆ. ಅಲ್ಲಿಯವರೆಗೆ ಬರೀ ಮಣ್ಣು. ಕಂಠ ಬಂದ ಮೇಲೆ ಕೊಡ. ಆಮೇಲೆ ಅದರ ಬಾಯಿಗೆ ಕಿವಿ ಇಟ್ಟರೆ ಒಳಗೊಂದು ಗುಂಯ್ ಎಂಬ ದನಿ ಇರುತ್ತದೆ, ಯಾರೂ ಇಟ್ಟದ್ದಲ್ಲ.

ಈ ಸೀಮೆಯಲ್ಲಿ ಕೊರಳನ್ನು ಕಲಿಸುವುದು ಬೇಸಿಗೆ. ಮೇ ತಿಂಗಳ ಬಿಸಿಲು 43, 44 ಡಿಗ್ರಿಗೆ ಏರಿದಾಗ, ತೊಗರಿ ಕಟ್ಟಿಗೆ ಕಿತ್ತುಹೋದ ಹೊಲ ಬಾಯಿ ಬಿಟ್ಟು ಬಿದ್ದಿರುವಾಗ, ಮೊದಲು ಒಣಗುವುದು ತುಟಿಯಲ್ಲ, ಅದರ ಹಿಂದಿನ ಆ ಕತ್ತಲ ದಾರಿ. ಹೊಳೆಯೂ ಬತ್ತಿ ಮರಳಾಗಿರುತ್ತದೆ. ಹೆಂಗಸರು ಮರಳಲ್ಲಿ ವರತಿ ತೋಡಿ ಕೂಡುತ್ತಾರೆ: ಮೊಳಕೈ ಮುಳುಗುವಷ್ಟು ತಗ್ಗು, ಅದರ ಗೋಡೆ ಮೆಲ್ಲಗೆ ತೇವಕ್ಕೆ ತಿರುಗಿ ಕಪ್ಪಾಗುತ್ತದೆ, ಮರಳಿನ ಒಂದೆರಡು ಕಾಳು ತಾವಾಗಿ ಉರುಳುತ್ತವೆ, ಆಮೇಲೆ ತಳದಲ್ಲಿ ಒಂದು ಹೊಳಪು. ಅದನ್ನು ಚಿಪ್ಪಿನಲ್ಲಿ ತೋಡಿ ಕೊಡಕ್ಕೆ ಹುಯ್ಯುತ್ತಾರೆ. ಅವಸರ ಮಾಡಿದರೆ ಕದಡುತ್ತದೆ, ಆದ್ದರಿಂದ ಕೈ ತಡೆದು ಕಾಯುತ್ತಾರೆ. ಮನೆಯಲ್ಲಿ ಹರವಿಗೆ ತೋಯಿಸಿದ ಅರಿವೆ ಸುತ್ತಿ ನೆರಳಿಗೆ ಇಟ್ಟ ನೀರನ್ನು ಹೊಲದಿಂದ ಬಂದವನು ತಂಬಿಗೆ ತುಂಬಿಕೊಂಡು, ಗೋಣು ಹಿಂದಕ್ಕೆ ಚೆಲ್ಲಿ, ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಳ್ಳುತ್ತಾನೆ. ಬೆವರು ಇಳಿದ ಕೊಳ್ಳಿನ ಮೇಲೆ, ಮಣ್ಣು ಮೆತ್ತಿದ ಗೆರೆಗಳ ನಡುವೆ, ಆ ಸಣ್ಣ ಗಂಟು ಏರುತ್ತದೆ, ಇಳಿಯುತ್ತದೆ, ಏರುತ್ತದೆ. ಗುಟಕ್ ಗುಟಕ್ ಎಂಬ ಆ ಸಪ್ಪಳ ಪಡಸಾಲೆಯ ಆಚೆ ತುದಿಗೂ ಕೇಳುತ್ತದೆ. ತಂಬಿಗೆ ಬರಿದಾಗುವವರೆಗೆ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ನೀರು ಕುಡಿಯುವವನನ್ನು ಮಾತಾಡಿಸಬಾರದು ಎಂಬ ಆ ಹಳೆಯ ಮರ್ಯಾದೆಗೆ ನಾನು ಬೇರೆ ಯಾವ ಆಚಾರಕ್ಕೂ ಕೊಡದಷ್ಟು ಬೆಲೆ ಕೊಡುತ್ತೇನೆ.

ಅಲ್ಲಿ, ಆ ಏರಿಳಿತದ ಒಳಗೆ, ನಡೆಯುವುದೇನು ಎಂದು ವೈದ್ಯರ ಪುಸ್ತಕ ತೆರೆದರೆ ಬೆರಗು ಕಡಿಮೆಯಾಗುವುದಿಲ್ಲ. ಉಸಿರಿಗೂ ಅನ್ನಕ್ಕೂ ಗಂಟಲಲ್ಲಿ ಒಂದಷ್ಟು ದೂರ ಒಂದೇ ದಾರಿ. ಮುಂದೆ ಅದು ಕವಲಾಗಿ ಮುಂದಿನದು ಪುಪ್ಪುಸಕ್ಕೆ, ಹಿಂದಿನದು ಹೊಟ್ಟೆಗೆ. ಪ್ರತಿ ಗುಟುಕಿಗೂ ಧ್ವನಿಪೆಟ್ಟಿಗೆ ಇಡಿಯಾಗಿ ಮೇಲೆದ್ದು ಮುಂದಕ್ಕೆ ಸರಿಯುತ್ತದೆ, ಮೇಲಿನ ಎಲೆಯಂಥ ಮುಚ್ಚಳ ಬಾಗುತ್ತದೆ, ಅದರ ಕೆಳಗಿನ ಎರಡು ಧ್ವನಿತಂತುಗಳು ಒಂದಕ್ಕೊಂದು ಒತ್ತಿ ಕದ ಮುಚ್ಚುತ್ತವೆ, ಮತ್ತು ಆ ಹೊತ್ತಷ್ಟೂ ಉಸಿರು ನಿಂತಿರುತ್ತದೆ. ಸುಮಾರು ಒಂದು ಸೆಕೆಂಡು. ದಿನಕ್ಕೆ ನೂರಾರು ಸಲ ನಾವು ಉಸಿರು ಬಿಟ್ಟುಕೊಟ್ಟು ತುತ್ತನ್ನು ಕಳಿಸಿ, ಮತ್ತೆ ಉಸಿರನ್ನು ಕರೆದುಕೊಳ್ಳುತ್ತೇವೆ. ನಿದ್ದೆಯಲ್ಲೂ ಎಂಜಲು ನುಂಗುವಾಗ ಇದೇ ಕೆಲಸ, ಎಚ್ಚರಿಲ್ಲದೆ. ನಾಲಿಗೆಯ ಬುಡದಲ್ಲಿ ಲಾಳದ ಆಕಾರದ ಒಂದು ಸಣ್ಣ ಎಲುಬಿದೆ. ಮೈಯ ಬೇರೆ ಯಾವ ಎಲುಬಿನೊಂದಿಗೂ ಅದು ಕೀಲು ಕೂಡಿಲ್ಲ. ಬರೀ ನರ, ಸ್ನಾಯು, ತೊಗಲುಗಳ ನಡುವೆ ತೂಗಿಬಿದ್ದಿದೆ. ನುಂಗುವುದೂ ನುಡಿಯುವುದೂ ಅದನ್ನೇ ಹಿಡಿದುಕೊಂಡಿವೆ. ಯಾರಿಗೂ ಅಂಟದೆ ಎಲ್ಲರನ್ನೂ ಹೊತ್ತ ಈ ಎಲುಬಿಗೆ ನಮ್ಮಲ್ಲಿ ಒಂದು ಮುದ್ದಿನ ಹೆಸರಾದರೂ ಇರಬೇಕಿತ್ತು.

ಅಪ್ಪಿತಪ್ಪಿ ಒಂದು ಅಗುಳು ದಾರಿ ತಪ್ಪಿದರೆ ಕನ್ನಡದ ಮನೆಗಳಲ್ಲಿ ಅದು ಶ್ವಾಸನಾಳಕ್ಕೆ ಹೋಯಿತು ಎನ್ನುವುದಿಲ್ಲ, ನೆತ್ತಿಗೆ ಹತ್ತಿತು ಎನ್ನುತ್ತಾರೆ. ಕೆಳಗಿಳಿಯಬೇಕಾದದ್ದು ಮೇಲಕ್ಕೇರಿ ತಲೆಯ ತುದಿಯಲ್ಲಿ ಕೂತಿತು ಎಂದು. ಅವ್ವ ಓಡಿಬಂದು ಬೆನ್ನಿಗಿಂತ ಮೊದಲು ನೆತ್ತಿಯನ್ನು ತಟ್ಟುತ್ತಾಳೆ, “ಯಾರೋ ನೆನಸ್ಯಾರ ನೋಡು” ಎನ್ನುತ್ತಾಳೆ. ಕಣ್ಣಲ್ಲಿ ನೀರು ತುಂಬಿ, ಮೂಗಲ್ಲಿ ಖಾರ ಏರಿ, ಕೆಮ್ಮುತ್ತ ಕೂತ ಹುಡುಗನಿಗೆ ಆ ಇಕ್ಕಟ್ಟಿನಲ್ಲೂ ಒಂದು ಹಿಗ್ಗು: ಎಲ್ಲೋ ದೂರದಲ್ಲಿ, ಸೊಲ್ಲಾಪುರದಲ್ಲೋ ಪುಣೆಯಲ್ಲೋ ದುಡಿಯಲು ಹೋದ ಕಾಕಾ ಈಗ ಇದೇ ಗಳಿಗೆಗೆ ನನ್ನ ಹೆಸರು ಹಿಡಿದ. ನೆನಪು ಹಾದುಬರಲು ಅದಕ್ಕೂ ಗಂಟಲೇ ದಾರಿ. ಎಳೆಗೂಸಿಗೆ ಮಾತ್ರ ಈ ತೊಂದರೆ ಕಡಿಮೆ; ಹುಟ್ಟಿದ ಹೊಸತರಲ್ಲಿ ಅದರ ಧ್ವನಿಪೆಟ್ಟಿಗೆ ಕೊರಳಿನಲ್ಲಿ ಬಹಳ ಮೇಲೆ, ಮೂಗಿನ ಹಿಂಬಾಗಿಲಿಗೆ ತಾಗುವಷ್ಟು ಹತ್ತಿರ ಇರುತ್ತದೆ. ಅದಕ್ಕೇ ಕೂಸು ಮೊಲೆ ಬಿಡದೆ ಹಾಲು ಚೀಪುತ್ತಲೇ ಮೂಗಿನಿಂದ ಉಸಿರಾಡಬಲ್ಲದು. ತಿಂಗಳು ಕಳೆದಂತೆ ಪೆಟ್ಟಿಗೆ ಕೆಳಗಿಳಿಯುತ್ತದೆ. ಮಾತಿಗೆ ಜಾಗ ಆಗುತ್ತದೆ, ನೆತ್ತಿಗೆ ಹತ್ತುವ ಭಯವೂ ಜೊತೆಗೇ ಬರುತ್ತದೆ. ಮಾತಾಡುವ ಜಾತಿಗೆ ಸೇರಿದ್ದಕ್ಕೆ ನಾವು ತೆತ್ತ ಸುಂಕ ಅದು.

ದನಗಳ ಕೊರಳಿಗೆ ಕನ್ನಡ ಇನ್ನೊಂದು ಚೆಂದದ ಹೆಸರು ಕೊಟ್ಟಿದೆ. ಗದ್ದದಿಂದ ಎದೆಯವರೆಗೆ ಇಳಿಬಿದ್ದು ಅಲೆಯಾಡುವ ಆ ಮೆತ್ತನೆಯ ತೊಗಲು ಗಂಗೆದೊಗಲು. ಅಲ್ಲಿ ಬೆರಳಾಡಿಸಿದರೆ ಎಂಥ ಹೋರಿಯೂ ಮುಖ ಮೇಲೆತ್ತಿ, ಕಣ್ಣು ಅರೆಮುಚ್ಚಿ, ಇನ್ನೂ ತುಸು ಎಂದು ಕೊಳ್ಳು ಚಾಚುತ್ತದೆ. ಬೆರಳಿಗೆ ತೆಳ್ಳಗೆ ಬಿಸಿ, ಒಳಗೆಲ್ಲೋ ಮೆಲುಕಿನ ಉಂಡೆ ಮೇಲೇರಿದ್ದು, ಇಳಿದದ್ದು. ಎತ್ತಿನ ಮೈಯಲ್ಲಿ ಎಲ್ಲಿ ನೀರೇ ಇಲ್ಲವೋ ಅಲ್ಲಿ ಗಂಗೆಯನ್ನು ತೂಗುಹಾಕಿದ ಆ ಹಳೆಯ ರೈತ ಯಾರಿರಬಹುದು? ಅದೇ ಹೊಲದ ಬದಿಯ ವಿದ್ಯುತ್ ತಂತಿಯ ಮೇಲೆ ಕೂತ ಹಕ್ಕಿ ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ. ಹೆಸರನ್ನು ನಂಬಿ ಅದರ ಕಂಠವನ್ನು ನೋಡಿದರೆ ನೀಲಿಯಿಲ್ಲ. ಬಿಳಿಗೆರೆ ಎಳೆದ ಮಸುಕು ಕಂದು. ನೀಲಿಯೆಲ್ಲ ರೆಕ್ಕೆಯಲ್ಲಿ ಮಡಚಿಟ್ಟಿದೆ. ಮಿಡತೆಗೆಂದು ಅದು ತಂತಿ ಬಿಟ್ಟು ಜಾರಿದಾಗ ಆ ಕಂದು ಹಕ್ಕಿಯೊಳಗಿಂದ ಎರಡು ಬಗೆಯ ಆಕಾಶ ಬಿಚ್ಚಿಕೊಳ್ಳುತ್ತದೆ, ಮತ್ತೆ ಕೂತೊಡನೆ ಇಲ್ಲ. ದನಿಯೋ ಕೇಳುವಂತಿಲ್ಲ, ಗೊಗ್ಗರು. ಆದರೂ ಜನ ಅದಕ್ಕೆ ಹಾಲಾಹಲ ಕುಡಿದವನ ಹೆಸರಿಟ್ಟರು, ದಸರೆಯ ದಿನ ಅದರ ದರ್ಶನಕ್ಕೆ ಊರ ಹೊರಗೆ ಕಾದರು. ವಿಷವನ್ನು ಉಗುಳದೆ, ನುಂಗದೆ, ನಡುವೆ ಹಿಡಿದು ನಿಲ್ಲಿಸಿದವನು ಅವನೊಬ್ಬನೇ. ಉಳಿದ ನಮ್ಮೆಲ್ಲರ ಕೊರಳು ಏನನ್ನೂ ಇಟ್ಟುಕೊಳ್ಳುವುದಿಲ್ಲ. ಬಂದದ್ದನ್ನು ಕೆಳಗೆ ಬಿಡುತ್ತದೆ, ಎದ್ದದ್ದನ್ನು ಮೇಲೆ ಬಿಡುತ್ತದೆ. ಹೀಗಿರುವಾಗ ನೆನಪಿನಲ್ಲಿ ಉಳಿದದ್ದಕ್ಕೆ ಕಂಠಸ್ಥ ಎಂದು ಯಾಕೆ ಅಂದರೋ. ತಲೆಯಲ್ಲಿದೆ ಎನ್ನಬಹುದಿತ್ತು, ಎದೆಯಲ್ಲಿದೆ ಎನ್ನಬಹುದಿತ್ತು. ಏನೂ ನಿಲ್ಲದ ಜಾಗವನ್ನೇ ಉಗ್ರಾಣ ಎಂದರು.

ಆಳಂದಕ್ಕೆ ಭೀಮೆ ದೂರ. ಆ ಸೀಮೆ ತನ್ನ ಪಾಲಿನ ನೀರನ್ನು ಅಮರ್ಜಾ ಎಂಬ ಸಣ್ಣ ಹೊಳೆಯ ಕೈಯಲ್ಲಿ ಕಳಿಸುತ್ತದೆ. ಆ ಹೊಳೆಗೆ ಅಣೆಕಟ್ಟು ಕಟ್ಟಿದ್ದು ಕೊರಳ್ಳಿ ಎಂಬ ಊರಿನ ಹತ್ತಿರ. ಹೆಸರಿನೊಳಗೆ ಕೊರಳು ಕೇಳಿಸುತ್ತದೆ, ಹುಡುಕಿ ತಂದದ್ದಲ್ಲ. ದೇವತೆಗಳು ಒಯ್ಯುತ್ತಿದ್ದ ಅಮೃತದ ಕೊಡದಿಂದ ತುಳುಕಿದ ಹನಿ ನೆಲಕ್ಕೆ ಬಿದ್ದು ಹೊಳೆಯಾಯಿತು ಎಂದು ಗುರುಚರಿತ್ರೆಯ ಕತೆ. ಕೊಡದ ಕಂಠದವರೆಗೆ ತುಂಬಿದ್ದರಿಂದಲೇ ತುಳುಕಿರಬೇಕು. ಹೀಗೆ ತುಳುಕಿದ್ದು ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಬೆಳಗಿನ ಹೊತ್ತು ಅಲ್ಲಿ ಅತ್ತಿಮರದ ಕೆಳಗೆ ಪಾರಾಯಣಕ್ಕೆ ಕೂತವರ ಗುಣುಗುಣು, ನೀರಿಗೆ ಇಳಿದವರ ಮುಕ್ಕಳಿಸುವ ಸಪ್ಪಳ, ಮರಾಠಿ ಕನ್ನಡ ಎರಡೂ ಒಂದೇ ಉಸಿರಲ್ಲಿ. ಯಾವ ದನಿ ಯಾವ ಹೊಳೆಯದು ಎಂದು ಬಿಡಿಸುವುದಕ್ಕೆ ಆಗುವುದಿಲ್ಲ.

ಆ ಊರಿನ ಗುರು ನರಸಿಂಹ ಸರಸ್ವತಿ ವಿದರ್ಭದ ಕಾರಂಜಾದಲ್ಲಿ ಹುಟ್ಟಿದಾಗ ಅತ್ತದ್ದು ಓಂ ಎಂದು, ಆಮೇಲೆ ಮುಂಜಿಯವರೆಗೆ ಆಡಿದ್ದೂ ಅದೊಂದೇ ಎಂದು ಸರಸ್ವತಿ ಗಂಗಾಧರ ಬರೆದ ಗುರುಚರಿತ್ರೆ ಹೇಳುತ್ತದೆ. ತಾಯಿ ಹರಕೆ ಹೊತ್ತಳು, ನೆರೆಯವರು ಮೂಗ ಎಂದರು. ಉಪನಯನದ ದಿನ ತಾಯಿ ಮಗನ ಜೋಳಿಗೆಗೆ ಮೊದಲ ಭಿಕ್ಷೆ ಹಾಕಿದಳು, ಆ ಎಳೆಯ ಕೊರಳಿನಿಂದ ಋಗ್ವೇದ ಹೊರಟಿತು, ಎರಡನೆಯದಕ್ಕೆ ಯಜುರ್ವೇದ, ಮೂರನೆಯದಕ್ಕೆ ಸಾಮ. ಅನ್ನ ಬಂದ ಬಾಗಿಲಿನಿಂದಲೇ ಅಕ್ಷರ ಹೊರಬಂತು. ನನ್ನ ಮನಸ್ಸು ಸದಾ ನಿಲ್ಲುವುದು ಆ ವೇದದ ಮುಂದೆ ಅಲ್ಲ, ಅದಕ್ಕಿಂತ ಹಿಂದಿನ ಆ ವರ್ಷಗಳ ಮುಂದೆ. ಅಂಗಳದಲ್ಲಿ ಆಡುತ್ತ, ಉಣ್ಣುತ್ತ, ಬಿದ್ದು ಮೊಣಕಾಲು ಕೆತ್ತಿಕೊಳ್ಳುತ್ತ, ಕೊರಳ ತುಂಬ ಅಷ್ಟನ್ನು ಇಟ್ಟುಕೊಂಡು ಒಂದೇ ಅಕ್ಷರದಲ್ಲಿ ಸುಮ್ಮನಿದ್ದ ಹುಡುಗ.

ಇದೇ ಗ್ರಂಥದ ಇನ್ನೊಂದು ಕತೆ ಗಾಣಗಾಪುರದ್ದೇ. ವೇದದಲ್ಲಿ ತಮ್ಮನ್ನು ಗೆಲ್ಲುವವರಿಲ್ಲ ಎಂದು ಬೀಗುತ್ತ ಬಂದ ಇಬ್ಬರು ಪಂಡಿತರ ಎದುರಿಗೆ ಗುರು ದಾರಿಯಲ್ಲಿ ಹೋಗುತ್ತಿದ್ದ, ಊರು ಹೊರಗಿಟ್ಟ ಕುಲದ ಒಬ್ಬನನ್ನು ಕರೆಸಿದರು. ನೆಲದ ಮೇಲೆ 7 ಗೆರೆ ಎಳೆಸಿದರು. ಒಂದೊಂದು ಗೆರೆ ದಾಟಿದಂತೆ ಅವನಿಗೆ ಹಿಂದಿನ ಒಂದೊಂದು ಜನ್ಮ ನೆನಪಾಯಿತು. ಏಳನೆಯದನ್ನು ದಾಟಿದಾಗ ಅವನು ವೇದ ಬಲ್ಲವನಾಗಿದ್ದ, ಭಸ್ಮ ಹಚ್ಚಿದ ಮೈಯಿಂದ ನಿರರ್ಗಳವಾಗಿ ಹೇಳತೊಡಗಿದ. ಬಂದ ಪಂಡಿತರ ನಾಲಿಗೆ ಬಿದ್ದುಹೋಯಿತು. ಕತೆ ಇಲ್ಲಿಗೆ ಮುಗಿದಿದ್ದರೆ ಅದು ಗರ್ವಭಂಗದ ನೂರು ಕತೆಗಳಲ್ಲಿ ಒಂದಾಗುತ್ತಿತ್ತು. ಆದರೆ ಹೆಂಡತಿ ಮಕ್ಕಳು ಹುಡುಕಿಕೊಂಡು ಬಂದಾಗ ಅವನು ಅವರನ್ನು ಗುರುತಿಸಲೊಲ್ಲ. ಗುರು ನೀರೆರೆಸಿದರು. ಭಸ್ಮ ತೊಳೆದುಹೋಯಿತು, ಅದರೊಂದಿಗೆ ಏಳು ಜನ್ಮವೂ ಸ್ವರವೂ ತೊಳೆದುಹೋದವು, ಅವನು ಕಕ್ಕಾಬಿಕ್ಕಿಯಾಗಿ ನೋಡುತ್ತ ಮನೆಯವರ ಜೊತೆ ಹೊರಟುಹೋದ. ಸಾಮಾಜಿಕವಾಗಿ ನೋಡಿದರೆ ಈ ಮುಗಿತಾಯ ನನಗೆ ಸಮಾಧಾನ ಕೊಡುವುದಿಲ್ಲ. ಕೊಟ್ಟದ್ದನ್ನು ಯಾಕೆ ಕಸಿಯಬೇಕಿತ್ತು? ಆದರೂ ಆ ಸಂಜೆ ಅವನ ಗುಡಿಸಲಿನಲ್ಲಿ, ರೊಟ್ಟಿ ಮುರಿದು ನುಂಗುವಾಗ, ಅವನ ಗಂಟಲಲ್ಲಿ ಏನೋ ಒಂದು ಕಂಪನ ಉಳಿದಿತ್ತೇ, ಹೆಂಡತಿ ಅದನ್ನು ಗಮನಿಸಿದಳೇ ಎಂದು ಸಂಗಮದ ಕಲ್ಲಿನ ಮೇಲೆ ಕೂತವರಿಗೆ ಯೋಚನೆ ಬಂದೇ ಬರುತ್ತದೆ.

ಮಧ್ಯಾಹ್ನ ಗುಡಿಯಲ್ಲಿ ಮಹಾಮಂಗಳಾರತಿಯ ಗಂಟೆ ಎದ್ದಾಗ ಅಲ್ಲಿ ಬೇರೆ ಒಂದು ದನಿ ಏಳುತ್ತದೆ. ಗಾಳಿ ಹಿಡಿದಿದೆ ಎಂದು ದೂರದೂರದಿಂದ ಕರೆತಂದ ಹೆಣ್ಣುಮಕ್ಕಳು, ಒಮ್ಮೊಮ್ಮೆ ಗಂಡಸರು, ಕೂದಲು ಬಿಚ್ಚಿ, ಕಂಬಕ್ಕೋ ಕಬ್ಬಿಣದ ಸರಳಿಗೋ ತೆಕ್ಕೆಬಿದ್ದು ಚೀರುತ್ತಾರೆ. ಆ ಕೂಗಿನಲ್ಲಿ ಮಾತಿಲ್ಲ, ಹೆಸರಿಲ್ಲ. ಅದನ್ನು ಕಾಯಿಲೆ ಎನ್ನುವವರ ಮಾತು ಸರಿ, ಚಿಕಿತ್ಸೆ ಬೇಕು ಎನ್ನುವವರದು ಇನ್ನೂ ಸರಿ. ನಾನು ಹೇಳುವುದು ಬರೀ ದನಿಯ ಸಂಗತಿ: ಮನೆಯಲ್ಲಿ ಒಂದು ದಿನವೂ ಏರಿಸಿ ಮಾತಾಡಲು ಸಿಗದ ಕೊರಳು ಸಾವಿರ ಮಂದಿಯ ನಡುವೆ ಬಾಯ್ತೆರೆದು ಹರಿಯುತ್ತದೆ, ಮತ್ತು ಯಾರೂ ಸುಮ್ಮನಿರು ಎನ್ನುವುದಿಲ್ಲ. ಆರತಿ ಮುಗಿದ ಮೇಲೆ ಅವಳೇ ಸೆರಗು ಸರಿಮಾಡಿಕೊಂಡು, ನೆಲಕ್ಕೆ ಕೂತು, ಪಿಸುದನಿಯಲ್ಲಿ ನೀರು ಕೇಳುತ್ತಾಳೆ.

ನೀರು ಕೇಳಿ ಸಿಗದ ಕೊರಳುಗಳ ಹಾಡೂ ಈ ಸೀಮೆಯದೇ. ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಶುರುವಾಗುತ್ತದೆ. ಹಾಡುವವರಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ಮುಸ್ಲಿಮರಿದ್ದಾರೆ, ಕೇರಿಯ ಹುಡುಗರಿದ್ದಾರೆ. ಹಾಡು ಕನ್ನಡ, ದುಃಖ ಇರಾಕಿನದು. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಹುಸೇನರ ಬಳಗಕ್ಕೆ ಯುಫ್ರಟಿಸ್ ಹೊಳೆ ಕಣ್ಣೆದುರೇ ಹರಿಯುತ್ತಿತ್ತು, ವೈರಿಗಳು ದಂಡೆಗೆ ಕಾವಲು ನಿಂತು ನೀರು ತಡೆದಿದ್ದರು. ಚರ್ಮದ ಚೀಲದಲ್ಲಿ ನೀರು ತರಲು ಹೋದ ಅಬ್ಬಾಸ್ ಮರಳಲಿಲ್ಲ. ಗಂಟಲೊಣಗಿದ ಎಳೆಗೂಸು ಅಲಿ ಅಸ್ಗರ್‌ನನ್ನು ತಂದೆ ಹುಸೇನರು ಎರಡೂ ಕೈಯಲ್ಲಿ ಎತ್ತಿ ತೋರಿಸಿದಾಗ ಬಂದ ಬಾಣ ನೆಟ್ಟದ್ದು ಆ ಕೂಸಿನ ಕೊರಳಿಗೆ. ಅಫಜಲಪುರದ ಕಡೆಯ ಮುದುಕನೊಬ್ಬ ಕಿವಿಯ ಮೇಲೆ ಅಂಗೈ ಇಟ್ಟು, ಕೊಳ್ಳಿನ ನರ ಉಬ್ಬಿಸಿ, ಈ ಕತೆಯನ್ನು ಮೇಲಿನ ಸ್ವರಕ್ಕೆ ಒಯ್ದಾಗ ಹಿಂದಿನವರು ಅಲ್ಲಿಯೇ ಅದನ್ನು ಹಿಡಿದುಕೊಳ್ಳುತ್ತಾರೆ, ಅವನು ಉಸಿರು ತುಂಬಿಕೊಳ್ಳುವಷ್ಟು ಹೊತ್ತು. ಬತ್ತಿದ ಹೊಳೆ ಏನೆಂದು ಬಲ್ಲ ಜನ ಇವರು. ಹರಿಯುವ ಹೊಳೆಯ ದಂಡೆಯ ಮೇಲೆ ನೀರಡಿಸಿ ಸತ್ತವರ ಸಂಕಟ ಇವರಿಗೆ ಪರದೇಶದ್ದು ಅನ್ನಿಸಲೇ ಇಲ್ಲ. ಹಾಡು ಮುಗಿದ ಮೇಲೆ ದೊಡ್ಡ ಪಾತ್ರೆಯ ಶರಬತ್ತನ್ನು ಎಲ್ಲರಿಗೂ ಹಂಚುತ್ತಾರೆ. ಅತ್ತು ಕಟ್ಟಿದ ಗಂಟಲಿಗೆ ಬೆಲ್ಲದ ತಂಪು ಇಳಿಯುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಎದೆಯಿಂದ ಹಾಡು ಎಂದು ಕಲಿಸುವವರು ಹೇಳುವುದು ಬರೀ ಮಾತಿನ ಮಾತು ಎಂದುಕೊಂಡಿದ್ದವರು ನರಗಳ ನಕ್ಷೆ ನೋಡಬೇಕು. ಧ್ವನಿತಂತುಗಳನ್ನು ಆಡಿಸುವ ನರ ತಲೆಯಿಂದ ಹೊರಟು ಕೊರಳಿಗೆ ನೇರ ಬರುವುದಿಲ್ಲ. ಕೊರಳನ್ನು ದಾಟಿ ಎದೆಗೆ ಇಳಿಯುತ್ತದೆ. ಎಡಗಡೆಯದು ಹೃದಯದಿಂದ ಏಳುವ ಮಹಾಧಮನಿಯ ಬಾಗಿಗೆ ಒಂದು ಸುತ್ತು ಹಾಕಿ, ಆಮೇಲೆ ತಿರುಗಿ ಮೇಲೆ ಬರುತ್ತದೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ಯಾಲನ್ ಎಂಬ ವೈದ್ಯ ಕಿರುಚುತ್ತಿದ್ದ ಹಂದಿಯ ಈ ನರವನ್ನು ಕತ್ತರಿಸಿ, ಅದು ಬಾಯಿ ತೆರೆದೇ ಮೂಕವಾದದ್ದನ್ನು ಮಂದಿಗೆ ತೋರಿಸಿದನಂತೆ. ಆ ಕ್ರೌರ್ಯದಿಂದ ನಮಗೆ ಗೊತ್ತಾದದ್ದು, ದನಿ ಎದೆಗೆ ಹೋಗಿ ಬರುತ್ತದೆ ಎಂದು. ಹಕ್ಕಿಗಳು ಇನ್ನೂ ಮುಂದೆ ಹೋಗಿವೆ, ಅವುಗಳ ಸ್ವರಯಂತ್ರ ಇರುವುದೇ ಉಸಿರುನಾಳ ಎರಡಾಗಿ ಒಡೆಯುವ ಎದೆಯ ಗೂಡಿನಲ್ಲಿ. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣಕ್ಕೆ ಕೂತಾಗ ಇದಕ್ಕೂ ಕೆಳಗೆ ಇಳಿದ: ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ, ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ, ಅದರ ಬಣ್ಣ ಬಿಳುಪು ಎಂದ. ವ್ಯಾಕರಣದ ಪುಸ್ತಕದಲ್ಲಿ ದನಿಗೆ ಬಣ್ಣ! ಶಾಲೆಯಲ್ಲಿ ಕ ಖ ಗ ಘ ಙ ಕಂಠ್ಯಗಳೆಂದು ಕೂಗಿಸುವಾಗ ಯಾರೂ ಇದನ್ನು ಹೇಳಲಿಲ್ಲ. ಹೇಳಿದ್ದರೆ ಮೇಷ್ಟ್ರ ಬೆತ್ತದ ಎದುರಿಗೂ ನಾವು ಬಾಯಿಂದ ಬಿಳಿಯ ಏನೋ ಹೊರಡುವುದನ್ನು ನೋಡುತ್ತ ನಿಂತಿರುತ್ತಿದ್ದೆವು.

ಜೇವರ್ಗಿಯ ಷಣ್ಮುಖಸ್ವಾಮಿ ಹದಿನೇಳನೆಯ ಶತಮಾನದಲ್ಲಿ ಅಖಂಡೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದವರು. ಅವರು ನಡೆದ ಷಟ್‌ಸ್ಥಲದ ದಾರಿಯಲ್ಲಿ ಕೊರಳಿಗೆ ದೊಡ್ಡ ಜಾಗವಿದೆ. ಅಲ್ಲಿ ವಿಶುದ್ಧಿಚಕ್ರ, 16 ದಳ, ದಳಕ್ಕೊಂದರಂತೆ 16 ಸ್ವರಾಕ್ಷರ. ಅದರ ತತ್ವ ಆಕಾಶ, ಅಲ್ಲಿ ನೆಲೆಸಿದ್ದು ಪ್ರಸಾದಲಿಂಗ, ಆ ಲಿಂಗಕ್ಕೆ ಅರ್ಪಿಸುವ ಪದಾರ್ಥ ಶಬ್ದ. ಈ ಒಂದು ಕೂಡಿಕೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಉಣ್ಣುವ ದಾರಿಯಲ್ಲಿ ಪ್ರಸಾದ ಇರುವುದು ಸಹಜ. ಆದರೆ ಇಲ್ಲಿ ಉಂಡದ್ದು ಅನ್ನವಲ್ಲ, ಕೇಳಿದ ದನಿ. ಎರಡೂ ಒಂದೇ ಇಕ್ಕಟ್ಟಿನಲ್ಲಿ, ಆಕಾಶದಷ್ಟು ಬಯಲಾದ ಇಕ್ಕಟ್ಟಿನಲ್ಲಿ, ಹಾಯುತ್ತವೆ. ಅದೇ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವರು ಹೊಲದ ಕಾಳನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟ, ಕಲಬುರಗಿಗೆ ಹೋಗಿ ದಾಸೋಹ ನಡೆಸಿದ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಬಂದವರ ಜಾತಿ ಕೇಳದೆ ಉಣ್ಣಲಿಕ್ಕೆ ಇಟ್ಟ ಆ ಪಂಕ್ತಿಯಲ್ಲಿ ಎಷ್ಟು ಕೊರಳು ಏರಿಳಿದಿರಬಹುದು, ಊಟ ಆದ ಮೇಲೆ ಎಷ್ಟು ಕೊರಳು ತಾವಾಗಿ ಪದ ಎತ್ತಿರಬಹುದು.

ಪದ ಎಂದರೆ ಇಲ್ಲಿ ಕಡಕೋಳ ಮಡಿವಾಳಪ್ಪನವರದು. ಅಫಜಲಪುರದ ಬಿದನೂರಿನಲ್ಲಿ ಹುಟ್ಟಿ, ಮೊನ್ನೆಯವರೆಗೂ ಜೇವರ್ಗಿಯದಾಗಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದಲ್ಲಿ ನೆಲೆನಿಂತವರು. ಅವರ ಶಿಷ್ಯಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬರಿದ್ದರು, ತೆಲಗಬಾಳದ ರೇವಪ್ಪನವರಿದ್ದರು. ಆ ತತ್ವಪದಗಳು ಅಚ್ಚಾಗುವುದಕ್ಕೆ ಬಹಳ ಮೊದಲೇ ತಲೆಯಿಂದ ತಲೆಗೆ ದಾಟಿಬಂದದ್ದು ಕೊರಳಿನಲ್ಲಿ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತವರಲ್ಲಿ ಓದು ಬರುವವರು ಕೆಲವರೇ. ಎಷ್ಟು ಪದ ಬರುತ್ತವೆ ಎಂದು ಕೇಳಿದರೆ ಹಾಡುವ ಮುದುಕ ಹೇಳಲಾರ. ಮೂರನೆಯ ನುಡಿ ಏನು ಎಂದು ಕೇಳಿದರೂ ತಲೆ ಕೆರೆದುಕೊಳ್ಳುತ್ತಾನೆ. “ಕೇಳಿದ್ರ ಬರಲ್ಲರಿ, ಪಲ್ಲ ಎತ್ತಿದ್ರ ಬರ್ತದ” ಎನ್ನುತ್ತಾನೆ. ಪಲ್ಲ ಎತ್ತುತ್ತಾನೆ, ಒಂದನೆಯ ನುಡಿಯ ಕೊನೆ ಎರಡನೆಯದನ್ನು ಎಳೆದು ತರುತ್ತದೆ, ಅದರ ಕೊನೆ ಮೂರನೆಯದನ್ನು, ಒಂದು ಇಲ್ಲವಾಗುತ್ತಲೇ ಮತ್ತೊಂದು ಇರುತ್ತದೆ. ಕಂಠಸ್ಥ ಎಂದವರು ಇದನ್ನು ನೋಡಿಯೇ ಅಂದರೇನೋ. ಅವನೊಳಗೆ ಎಲ್ಲಿಯೂ ಆ ಹಾಡು ಇಲ್ಲ, ಹಾಯುವಾಗ ಮಾತ್ರ ಇದೆ.

ಈಗ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಾರೆ, ಒಳ್ಳೆಯದೇ. ಹಿಡಿದದ್ದರಲ್ಲಿ ತಾಳವೂ ಬರುತ್ತದೆ, ನಾಯಿ ಬೊಗಳಿದ್ದೂ ಬರುತ್ತದೆ, ನುಡಿ ನುಡಿಯ ನಡುವೆ ಮುದುಕ ಗಂಟಲು ಸರಿಮಾಡಿಕೊಂಡ ಆ ಖರಖರವೂ ಬರುತ್ತದೆ. ಕತ್ತರಿಸಬೇಡಿ ಎಂದು ನಾನು ಹುಡುಗರಿಗೆ ಹೇಳುತ್ತಿರುತ್ತೇನೆ. ಅವನ ಹಿಂದೆ ದನಿಗೂಡಿಸಲು ಕಲಿಯುತ್ತಿರುವ ಮೊಮ್ಮಗನಿಗೆ ಈಗಷ್ಟೆ ದನಿ ಒಡೆಯುತ್ತಿದೆ. ಮೇಲಿನ ಸ್ವರಕ್ಕೆ ಹೋದರೆ ಹೆಣ್ಣುದನಿ, ಇಳಿದರೆ ಯಾರದೋ ದಪ್ಪ ದನಿ, ನಡುವೆ ಏನೂ ಇಲ್ಲ. ಹುಡುಗ ನಾಚಿ ತಾಳದ ಮೇಲೆ ಕಣ್ಣಿಟ್ಟು ಕೂತುಬಿಡುತ್ತಾನೆ. ಮುದುಕನಿಗೆ ಅದರ ಚಿಂತೆ ಇಲ್ಲ. ಬೆಲ್ಲ, ಮೆಣಸು ಹಾಕಿ ಕುದಿಸಿದ ನೀರಿನ ಲೋಟವನ್ನು ಅವನ ಕಡೆ ಸರಿಸಿ, “ಹಗಲೆಲ್ಲ ಗೆಳ್ಯಾರ ಜೋಡಿ ಒದರಬ್ಯಾಡಂದ್ರ ಕೇಳಲ್ಲ. ಕುಡಿ, ಇನ್ನೂ ನಾಕ ಪದ ಅವ” ಎನ್ನುತ್ತಾನೆ.